ಬಾರ್ ಕತ್ತರಿಸಿ ಹಾಕಿದ ಫೋಟೊ: ಆಟದ ಹುಡುಗಿಯರು ಇನ್‌ಸ್ಟಾಗ್ರಾಂನಲ್ಲಿ ಏನು ಹಾಕಬೇಕು, ಏನು ಬೇಡ?

ಅಜ್ಜರಕಾಡು ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯಲ್ಲಿ ಪಿಟಿ ಟೀಚರ್. ಬೆಳಿಗ್ಗೆ ಆರರಿಂದ ಎಂಟರ ತನಕ ಅಜ್ಜರಕಾಡು ಮೈದಾನದಲ್ಲಿ ಏಳೆಂಟು ಹುಡುಗಿಯರಿಗೆ ಹೈಜಂಪ್ ಹೇಳಿಕೊಡುತ್ತೇನೆ. ಹದಿನೈದು ದಿನದಿಂದ ಒಂದು ವಿಷಯ ತಲೆ ತಿನ್ನುತ್ತಾ ಉಂಟು. ಇಲ್ಲಿ ಆಟ ಆಡಿದವರು, ಮಕ್ಕಳನ್ನು ಆಟಕ್ಕೆ ಕಳಿಸುವವರು ಜಾಸ್ತಿ ಇದ್ದೀರಿ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

ನನ್ನ ಹತ್ತಿರ ಬರುವ ಒಬ್ಬಳಿಗೆ 19 ವರ್ಷ. ಎರಡು ವರ್ಷದಿಂದ 1.50 ಮೀಟರ್‌ನಲ್ಲೇ ನಿಂತುಹೋಗಿದ್ದಳು. ಮೊನ್ನೆ ಒಂದು ಮೀಟ್‌ನಲ್ಲಿ ಮೂರನೇ ಸಲಕ್ಕೆ 1.55 ದಾಟಿದಳು. ಮ್ಯಾಟ್ ಮೇಲೆ ಬಿದ್ದವಳು ಏಳಲೇ ಇಲ್ಲ. ಬಾರ್, ಅಂದರೆ ಹಾರಿ ದಾಟಬೇಕಾದ ಅಡ್ಡ ಕೋಲು, ಅಲುಗಾಡಿ ಅಲುಗಾಡಿ ನಿಲ್ಲುವುದನ್ನು ಮಲಗಿಕೊಂಡೇ ನೋಡುತ್ತಿದ್ದಳು. ಗೆಳತಿ ಒಬ್ಬಳು ಸರಿಯಾದ ಹೊತ್ತಿಗೆ ಫೋಟೊ ತೆಗೆದಿದ್ದಳು. ಬೆನ್ನು ಬಿಲ್ಲಿನ ಹಾಗೆ ಬಾಗಿದೆ, ತಲೆ ಆ ಕಡೆ ಇಳಿದಿದೆ, ಕಾಲು ಇನ್ನೂ ಈ ಕಡೆ ಉಂಟು, ಕೆಳಗೆ ಬಾರ್. ಹೈಜಂಪ್ ಗೊತ್ತಿದ್ದವರಿಗೆ ಅದು ಕಣ್ಣಿಗೆ ಹಬ್ಬ. ಅವಳು ಅದನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಿ, ಕೆಳಗೆ 1.55 ಅಂತ ಮಾತ್ರ ಬರೆದಳು.

ಮೂರನೇ ದಿನ ಅದೇ ಫೋಟೊ ಅವರ ಊರಿನ ಒಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂತು. ಬಾರ್ ಇಲ್ಲ. ಸ್ಟ್ಯಾಂಡ್ ಇಲ್ಲ. ಹಿಂದೆ ಬಿಳಿ ಬಾವುಟ ಹಿಡಿದು ನಿಂತ ಅಂಪೈರ್ ಇಲ್ಲ. ಎಲ್ಲ ಕತ್ತರಿಸಿ ತೆಗೆದು ಹುಡುಗಿಯ ಮೈ ಮಾತ್ರ ಉಳಿಸಿದ್ದರು. ಕೆಳಗೆ ಸಾಲಾಗಿ ನಗುವ ಮುಖಗಳು.

ಅದು ಅವಳ ಸೋದರಮಾವನ ಫೋನಿಗೂ ಹೋಯಿತು. ಅವರು ಬೈದದ್ದು ಕತ್ತರಿಸಿದವರಿಗೆ ಅಲ್ಲ, ಇವಳಿಗೆ. ಫೋಟೊ ಡಿಲೀಟ್ ಮಾಡಿಸಿದರು, ಅಕೌಂಟ್ ಮುಚ್ಚಿಸಿದರು. ಮೂರು ದಿನ ಅವಳು ಪ್ರಾಕ್ಟೀಸಿಗೆ ಬರಲಿಲ್ಲ. ನಾಲ್ಕನೇ ದಿನ ಬಂದಳು. ಉದ್ದದ ಟ್ರ್ಯಾಕ್ ಪ್ಯಾಂಟು, ಅಣ್ಣನ ದೊಗಲೆ ಟೀ ಶರ್ಟು. ನಾನು ಏನೂ ಕೇಳಲಿಲ್ಲ. 1.35ಕ್ಕೆ ಬಾರ್ ಇಟ್ಟೆ. ಚೆನ್ನಾಗಿಯೇ ಹಾರಿದಳು, ಸೊಂಟ ಬಾರ್‌ಗಿಂತ ಒಂದು ಗೇಣು ಮೇಲೆ ಇತ್ತು. ಟೀ ಶರ್ಟಿನ ಅಂಚು ತಾಗಿ ಬಾರ್ ಬಿತ್ತು. ಇನ್ನೊಂದು ಸಲ ಹಾರಿದಳು. ಮತ್ತೆ ಅದೇ. ಬಾರ್ ಎತ್ತಿಡಲು ಹೋದಾಗ ಅವಳ ಮುಖ ನೋಡಿದೆ. ಅದನ್ನು ಇಲ್ಲಿ ಬರೆಯಲು ನನಗೆ ಆಗುವುದಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಇನ್ನು ಮುಂದೆ ಈ ಮಕ್ಕಳಿಗೆ ನಾನು ಎಂತ ಹೇಳಬೇಕು? ಹಾಕಿ ಅಂತ ಹೇಳಲೋ, ಬೇಡ ಅಂತ ಹೇಳಲೋ?

ಮಲ್ಪೆ ವಾಲಿಬಾಲ್

ಟೀಚರೇ, ಓದಿ ಬೇಸರ ಆಯಿತು. ನನಗೆ 61. ನಾನು ಹೇಳುವುದು ನಿಮಗೆ ಹಳೆ ಕಾಲದ ಮಾತು ಅನ್ನಿಸಬಹುದು. ಆದರೂ ಹೇಳುತ್ತೇನೆ. ಹಾಕುವುದೇ ಬೇಡ.

ನಾವು ಆಡುವಾಗ ಗೆದ್ದರೆ ಪೇಪರಿನಲ್ಲಿ ಒಂದು ಸಣ್ಣ ಫೋಟೊ ಬರುತ್ತಿತ್ತು. ಇಡೀ ತಂಡ ಕಪ್ ಹಿಡಿದು ನಿಂತದ್ದು. ಅಮ್ಮ ಅದನ್ನು ಕತ್ತರಿಸಿ ದೇವರ ಕೋಣೆಯ ಕಪಾಟಿನಲ್ಲಿ ಇಟ್ಟಿದ್ದರು. ಅಷ್ಟೇ ಸಾಕಿತ್ತು. ಆಟ ಮಾತಾಡಬೇಕು, ಫೋಟೊ ಅಲ್ಲ. ಹುಡುಗಿಯರ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಕಡಲಿಗೆ ಅಬ್ಬರ ಇರುವಾಗ ದೋಣಿ ಇಳಿಸುವುದಿಲ್ಲ, ಅಲ್ವಾ? ಕಡಲಿನದ್ದು ತಪ್ಪೋ ಸರಿಯೋ ಅಂತ ಅಲ್ಲಿ ನಿಂತು ವಾದ ಮಾಡಿ ಪ್ರಯೋಜನ ಇಲ್ಲ.

ನಾನೂರು ಮೀಟರ್

ಮಲ್ಪೆ ಅಂಕಲ್, ನಿಮ್ಮ ಕಾಳಜಿ ಅರ್ಥ ಆಗುತ್ತದೆ. ಆದರೆ ಆ ಕಪಾಟು ಈಗ ಇಲ್ಲ. ನಾನು ಮಂಗಳಾ ಸ್ಟೇಡಿಯಂನಲ್ಲಿ ಓಡುವವಳು, 400 ಮೀಟರ್. ಹೋದ ವರ್ಷ ಒಂದು ಅಂಗಡಿಯವರ ಹತ್ತಿರ ಶೂಸ್‌ಗೆ ಸಹಾಯ ಕೇಳಲು ಹೋಗಿದ್ದೆ. ಸರ್ಟಿಫಿಕೇಟ್ ಫೈಲು ಎದೆಗೆ ಅವಚಿಕೊಂಡು ಹೋಗಿದ್ದೆ. ಅದನ್ನು ಅವರು ತೆರೆಯಲೇ ಇಲ್ಲ. "ಫಾಲೋವರ್ಸ್ ಎಷ್ಟು?" ಅಂತ ಕೇಳಿದರು.

ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. 2018ರಲ್ಲಿ ಫೋರ್ಬ್ಸ್ ಪತ್ರಿಕೆ ಜಾಸ್ತಿ ಸಂಪಾದನೆ ಇರುವ ಆಟಗಾರ್ತಿಯರ ಪಟ್ಟಿ ಮಾಡಿದಾಗ ಪಿ.ವಿ. ಸಿಂಧು ಏಳನೇ ಜಾಗದಲ್ಲಿದ್ದರು. ಒಟ್ಟು 85 ಲಕ್ಷ ಡಾಲರ್. ಅದರಲ್ಲಿ ಆಡಿ ಗೆದ್ದ ಹಣ 5 ಲಕ್ಷ ಮಾತ್ರ. ಮಿಕ್ಕದ್ದೆಲ್ಲ ಜಾಹೀರಾತು. ಸಿಂಧುಗೇ ಲೆಕ್ಕ ಹೀಗಿದ್ದರೆ ನಮ್ಮಂಥವರಿಗೆ ಒಂದು ಜೊತೆ ಸ್ಪೈಕ್ಸ್ (ಅಡಿಯಲ್ಲಿ ಮೊಳೆ ಇರುವ ಶೂಸ್) ಸಿಗಬೇಕಾದರೂ ಯಾರ ಕಣ್ಣಿಗಾದರೂ ಬೀಳಲೇಬೇಕು.

ಇನ್ನೊಂದು ವಿಷಯ ಉಂಟು, ಅದನ್ನು ಹೇಳಲು ಸ್ವಲ್ಪ ಕಷ್ಟ. ನಾನು ಓಡುವ ಫೋಟೊಗೆ ಇನ್ನೂರು ಲೈಕ್ ಬಂದರೆ ಜಾಸ್ತಿ. ಕೊನೆಯ ನೂರು ಮೀಟರ್‌ನಲ್ಲಿ ಮುಖ ಹೇಗಿರುತ್ತದೆ ಅಂತ ಓಡಿದವರಿಗೆ ಗೊತ್ತು. ಬಾಯಿ ಸೊಟ್ಟ, ಕುತ್ತಿಗೆಯ ನರ ಎದ್ದಿರುತ್ತದೆ. ಅಕ್ಕನ ಮದುವೆಯಲ್ಲಿ ಮಲ್ಲಿಗೆ ಮುಡಿದು ಸೀರೆ ಉಟ್ಟ ಫೋಟೊ ಹಾಕಿದೆ. ಎರಡು ಸಾವಿರ ದಾಟಿತು. ಆ ರಾತ್ರಿ ಓಟದ ಫೋಟೊ ನಾಲ್ಕನ್ನು ನಾನೇ ತೆಗೆದುಹಾಕಿದೆ. ಯಾರೂ ಹೇಳಿರಲಿಲ್ಲ. ಮುಖ ಚೆನ್ನಾಗಿಲ್ಲ ಅಂತ ನನಗೇ ಅನ್ನಿಸಿತು. ವರ್ಷಕ್ಕೆ ಮುನ್ನೂರು ದಿನ ಬೆಳಿಗ್ಗೆ ಎದ್ದು ಓಡಿ ಸಂಪಾದಿಸಿದ ಮುಖ ಅದು. ಒಂದು ಮದುವೆಯ ಫೋಟೊ ಅದನ್ನು ನನಗೇ ನಾಚಿಕೆ ಮಾಡಿತಲ್ಲ ಅಂತ ಈಗಲೂ ಬೇಜಾರು ಆಗುತ್ತದೆ.

ಸೀರೆ ಫೋಟೊ ತಪ್ಪಲ್ಲ. ನನಗೆ ಸೀರೆ ಇಷ್ಟ. ಎರಡೂ ನಾನೇ. ಆದರೆ ಯಾವುದು ಉಳಿಯಬೇಕು ಅಂತ ಲೈಕ್ ಲೆಕ್ಕ ಹೇಳುವುದು ಸರಿಯಲ್ಲ.

ಕಬಡ್ಡಿ ಅಕ್ಕ, ಕಾರ್ಕಳ

ನಾನೂರು ಮೀಟರ್ ತಂಗಿ, ಆ ನಾಲ್ಕು ಫೋಟೊ ಫೋನಿನಲ್ಲಿ ಇದ್ದರೆ ಇವತ್ತೇ ವಾಪಸ್ ಹಾಕು ಮಾರಾಯ್ತಿ.

ನಾನು ಹತ್ತು ವರ್ಷ ಕಬಡ್ಡಿ ಆಡಿದವಳು. ನಮ್ಮ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ 2012ರಲ್ಲಿ ಪಾಟ್ನಾದಲ್ಲಿ ಮೊದಲ ಮಹಿಳಾ ವಿಶ್ವಕಪ್ ಗೆದ್ದ ತಂಡದ ನಾಯಕಿ. 2014ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಅದಾದ ಮೇಲೆ ನಮ್ಮ ಕಡೆ ಮಗಳು ಕಬಡ್ಡಿ ಆಡುತ್ತಾಳೆ ಅಂದರೆ ಜನ ಮೊದಲಿನ ಹಾಗೆ ಮೂಗು ಮುರಿಯುವುದಿಲ್ಲ. ಅವರ ಫೋಟೊ ಪೇಪರಿನಲ್ಲಿ ಬರದೆ, ಯಾರೂ ನೋಡದೆ ಇದ್ದಿದ್ದರೆ ಆ ಬದಲಾವಣೆ ಆಗುತ್ತಿತ್ತಾ? ಮಲ್ಪೆ ಅಣ್ಣ ಸ್ವಲ್ಪ ಯೋಚನೆ ಮಾಡಿ.

ಆದರೆ ಕಷ್ಟ ಇಲ್ಲ ಅಂತ ಅಲ್ಲ. ನನ್ನ ತೋಳು, ಭುಜ ಕಾಣುವ ಫೋಟೊ ಹಾಕಿದಾಗ "ಇದು ಗಂಡೋ ಹೆಣ್ಣೋ" ಅಂತ ಬರೆದರು. ಮದುವೆಗೆ ನೋಡಲು ಬಂದವರು ಫೇಸ್‌ಬುಕ್ ನೋಡಿ ವಾಪಸ್ ಹೋದದ್ದೂ ಉಂಟು. ತಂಡದ ಇನ್ನೊಬ್ಬಳು ಕಾಡಿಗೆ ಹಚ್ಚಿ ಒಂದು ಡ್ಯಾನ್ಸ್ ರೀಲ್ ಹಾಕಿದಳು. ಅವಳಿಗೆ "ಆಟ ಬಿಟ್ಟು ಷೋಕಿ" ಅಂದರು. ಶಕ್ತಿ ತೋರಿಸಿದರೆ ಹೆಣ್ಣಲ್ಲ, ಚಂದ ತೋರಿಸಿದರೆ ಆಟಗಾರ್ತಿ ಅಲ್ಲ. ಹಾಗಾದರೆ ನಾವು ಎಂತ ತೋರಿಸುವುದು?

ಮಣಿಪಾಲ ಹಾಸ್ಟೆಲ್

ಕಬಡ್ಡಿ ಅಕ್ಕ ಹೇಳಿದ್ದು ಕ್ರಿಕೆಟ್ ಆಡುವ ಜೆಮಿಮಾ ರಾಡ್ರಿಗಸ್‌ಗೂ ಆಯಿತು. ಗಿಟಾರ್, ಡ್ಯಾನ್ಸ್ ರೀಲ್ ಹಾಕುತ್ತಾರೆ ಅಂತ ಎಷ್ಟು ಜನ ಹಂಗಿಸಿದ್ದರು. 2025ರ ಅಕ್ಟೋಬರ್ 30ರಂದು ವಿಶ್ವಕಪ್ ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ ಎದುರು 127 ಹೊಡೆದು ಔಟಾಗದೆ ಉಳಿದರು. ಆಟ ಮುಗಿದ ಮೇಲೆ ಅಳುತ್ತಾ, ಈ ಟೂರ್ನಿ ಉದ್ದಕ್ಕೂ ಆತಂಕದಿಂದ ನರಳುತ್ತಿದ್ದೆ ಅಂತ ಎಲ್ಲರ ಮುಂದೆ ಹೇಳಿದರು. ನಗುವ ರೀಲ್ ನೋಡಿ ಇವಳಿಗೆ ಆಟದ ಮೇಲೆ ಗಮನ ಇಲ್ಲ ಅಂದವರಿಗೆ ಒಳಗೆ ಏನಿತ್ತು ಅಂತ ಎಲ್ಲಿ ಗೊತ್ತಿತ್ತು?

ಚೆಸ್‌ನಲ್ಲೂ ಹಾಗೇ. ಅಲ್ಲಿ ಡ್ರೆಸ್ಸಿಗೂ ಆಟಕ್ಕೂ ಏನೂ ಸಂಬಂಧ ಇಲ್ಲ, ಸುಮ್ನೆ ಕುಳಿತು ಆಡುವುದು. ಆದರೂ 2024ರ ಆರಂಭದಲ್ಲಿ ನೆದರ್ಲೆಂಡ್ಸ್‌ನ ಒಂದು ಟೂರ್ನಿ ಮುಗಿಸಿ ದಿವ್ಯಾ ದೇಶಮುಖ್ ಇನ್‌ಸ್ಟಾಗ್ರಾಂನಲ್ಲಿ ಬರೆದುಕೊಂಡರು: ನೋಡುವವರು ನನ್ನ ಬಟ್ಟೆ, ಕೂದಲು, ಮಾತಿನ ರೀತಿ ನೋಡುತ್ತಾರೆ, ನಡೆಗಳನ್ನು ನೋಡುವುದಿಲ್ಲ ಅಂತ. ಆಗ ಅವರಿಗೆ 18 ವರ್ಷ.

ಮೈ ಮುಚ್ಚಿದರೆ ಸರಿಹೋಗುತ್ತದೆ ಅನ್ನುವವರು ಇದನ್ನು ನೋಡಬೇಕು.

ಸಸಿಹಿತ್ಲು ಅಲೆ

ನಾನು ಸರ್ಫಿಂಗ್ ಮಾಡುವವಳು. ಮೂಲ್ಕಿ ಕಡೆಯಲ್ಲಿ ಕಲಿತದ್ದು. 2016ರಲ್ಲಿ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಆದಾಗ ದಡದಲ್ಲಿ ನಿಂತು ನೋಡಿ ಹುಚ್ಚು ಹಿಡಿಸಿಕೊಂಡೆ. ನಮ್ಮ ಕಡೆಯ ತನ್ವಿ ಜಗದೀಶ್ ಪ್ಯಾಡಲ್ ಬೋರ್ಡ್‌ನಲ್ಲಿ ಹೆಸರು ಮಾಡಿದ್ದು ನಮಗೆಲ್ಲ ದೊಡ್ಡ ಧೈರ್ಯ.

ಬಟ್ಟೆಯ ಬಗ್ಗೆ ನನಗೆ ಒಂದು ಮಾತು ಹೇಳಬೇಕು. ನಾನು ಉದ್ದ ತೋಳಿನ ರಾಶ್‌ಗಾರ್ಡ್ (ನೀರಿಗೆ ಇಳಿಯುವಾಗ ಹಾಕುವ ಬಿಗಿ ಅಂಗಿ), ಮೊಣಕಾಲು ದಾಟುವ ಲೆಗ್ಗಿಂಗ್ ಹಾಕುತ್ತೇನೆ. ಬೋರ್ಡಿನ ಮೇಣಕ್ಕೆ ಹೊಟ್ಟೆ ಉಜ್ಜಿ ಚರ್ಮ ಏಳುತ್ತದೆ, ಬಿಸಿಲು ಸುಡುತ್ತದೆ, ಅದಕ್ಕೆ. ನನ್ನ ಗೆಳತಿ ಸ್ವಿಮ್‌ಸೂಟ್ ಹಾಕುತ್ತಾಳೆ. ಅವಳಿಗೆ ಅದು ಸಲೀಸು. ನನ್ನ ಫೋಟೊಗೆ "ಸಂಸ್ಕಾರ ಇರುವ ಹುಡುಗಿ" ಅಂತ ಹೊಗಳುತ್ತಾರೆ, ಅವಳಿಗೆ ಬೈಯುತ್ತಾರೆ. ಆ ಹೊಗಳಿಕೆ ನನಗೆ ಬೇಡ. ನನ್ನನ್ನು ಹೊಗಳಿದ್ದು ಅವಳಿಗೆ ಹೊಡೆಯುವುದಕ್ಕೆ ಅಂತ ನನಗೆ ಗೊತ್ತು.

ಮುಚ್ಚು ಅನ್ನುವವರು ಮಾತ್ರ ಇದ್ದಾರೆ ಅಂತ ಅಲ್ಲ, ತೆಗೆ ಅನ್ನುವವರೂ ಇದ್ದಾರೆ. 2021ರಲ್ಲಿ ನಾರ್ವೆಯ ಬೀಚ್ ಹ್ಯಾಂಡ್‌ಬಾಲ್ ತಂಡದ ಹೆಂಗಸರು ಬಿಕಿನಿ ಬದಲು ಚಡ್ಡಿ ಹಾಕಿದ್ದಕ್ಕೆ 1,500 ಯೂರೋ ದಂಡ ಹಾಕಿದರು. ಜಗತ್ತೆಲ್ಲ ಬೈದ ಮೇಲೆ ಅದೇ ವರ್ಷ ನಿಯಮ ಬದಲಾಯಿತು. ಬ್ಯಾಡ್ಮಿಂಟನ್‌ನಲ್ಲೂ 2011ರಲ್ಲಿ ಹೆಂಗಸರು ಸ್ಕರ್ಟ್ ಹಾಕಲೇಬೇಕು ಅಂತ ನಿಯಮ ತರಲು ಹೊರಟಿದ್ದರು. ನೋಡುವವರು ಜಾಸ್ತಿ ಆಗುತ್ತಾರೆ ಅಂತ ಅವರ ಲೆಕ್ಕ. ಆಟಗಾರ್ತಿಯರು ಒಪ್ಪಲಿಲ್ಲ, 2012ರಲ್ಲಿ ಕೈಬಿಟ್ಟರು. ಉದ್ದವೋ ಗಿಡ್ಡವೋ, ಹಾಕಿಕೊಳ್ಳುವವಳನ್ನು ಯಾರೂ ಕೇಳುವುದಿಲ್ಲ. ನನ್ನ ಸಿಟ್ಟು ಅದಕ್ಕೆ.

ಕದ್ರಿ ಕ್ಯಾಮೆರಾ

ಟೀಚರ್, ನಾನು ಮಂಗಳೂರಿನಲ್ಲಿ ಫೋಟೊಗ್ರಾಫರ್. ಮದುವೆ ಸೀಸನ್ ಇಲ್ಲದಾಗ ಆಟದ ಫೋಟೊ ತೆಗೆಯುತ್ತೇನೆ. ಇದರಲ್ಲಿ ನಮ್ಮವರ ಪಾಲೂ ಉಂಟು, ಅದನ್ನು ಹೇಳಬೇಕು.

ಹೈಜಂಪ್ ತೆಗೆಯಲು ತುಂಬಾ ಜನ ಮ್ಯಾಟ್‌ನ ಪಕ್ಕದಲ್ಲಿ ನೆಲಕ್ಕೆ ಕುಳಿತು ಕೆಳಗಿನಿಂದ ಮೇಲಕ್ಕೆ ಕ್ಯಾಮೆರಾ ಹಿಡಿಯುತ್ತಾರೆ. ಹಾಗೆ ಹಿಡಿದರೆ ಎತ್ತರ ಜಾಸ್ತಿ ಕಾಣುತ್ತದೆ, ಅದು ನಿಜ. ಆದರೆ ಚೌಕಟ್ಟಿನ ಮಧ್ಯಕ್ಕೆ ಸೊಂಟ ಬರುತ್ತದೆ, ಮುಖ ಹಿಂದೆ ಹೋಗುತ್ತದೆ. ಹುಡುಗರ ಫೋಟೊ ಹಾಗೆ ಬಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹುಡುಗಿಯರದ್ದಾದರೆ ಅದನ್ನೇ ಕತ್ತರಿಸುತ್ತಾರೆ. ನಾನು ಈಗ ಮ್ಯಾಟ್‌ನ ಹಿಂದಿನ ಮೂಲೆಯಲ್ಲಿ, ಬಾರ್ ಎತ್ತರಕ್ಕೆ ಸ್ಟೂಲ್ ಹಾಕಿ ನಿಲ್ಲುತ್ತೇನೆ. ತಲೆ ಮೊದಲು ನನ್ನ ಕಡೆಗೆ ಬರುತ್ತದೆ. ಕಣ್ಣು, ಗಂಟಲು, ಭುಜ, ಅಡ್ಡಕ್ಕೆ ಬಾರ್. ಆ ಫೋಟೊದಿಂದ ಬಾರ್ ಕತ್ತರಿಸಿ ತೆಗೆಯಲು ಆಗುವುದಿಲ್ಲ. ತೆಗೆದರೆ ಮುಖವೂ ಹೋಗುತ್ತದೆ.

2024ರ ಪ್ಯಾರಿಸ್ ಒಲಿಂಪಿಕ್ಸ್ ಮೊದಲು ನೇರಪ್ರಸಾರ ಮಾಡುವ ಸಂಸ್ಥೆಯ ಮುಖ್ಯಸ್ಥರೇ ಕ್ಯಾಮೆರಾದವರಿಗೆ ಬುದ್ಧಿ ಹೇಳಿದ್ದರು. ಗಂಡಸರನ್ನೂ ಹೆಂಗಸರನ್ನೂ ಒಂದೇ ರೀತಿ ತೋರಿಸಿ, ಹೆಂಗಸರ ಮೈಯನ್ನು ಹತ್ತಿರದಿಂದ ಹಿಡಿಯುವ ಚಾಳಿ ಬಿಡಿ ಅಂತ. ಅಷ್ಟು ದೊಡ್ಡವರಿಗೇ ಹೇಳಬೇಕಾಯಿತು. ನಮ್ಮ ಊರಿನ ಮೀಟ್‌ಗಳಲ್ಲಿ ನಮಗೆ ಯಾರೂ ಹೇಳಿಲ್ಲ. ನಾನೂ ಹತ್ತು ವರ್ಷ ಯೋಚನೆ ಮಾಡದೆ ತೆಗೆದಿದ್ದೇನೆ.

ಹಂಪನಕಟ್ಟೆ ವಕೀಲೆ

ಅಕೌಂಟ್ ಮುಚ್ಚುವ ಮೊದಲು ಯಾರೂ ಸ್ಕ್ರೀನ್‌ಶಾಟ್ ತೆಗೆಯಲಿಲ್ವಾ? ಇದು ನನ್ನ ಮೊದಲ ಪ್ರಶ್ನೆ. ಮನೆಯವರು ಗಾಬರಿಯಲ್ಲಿ ಎಲ್ಲ ಅಳಿಸಿಬಿಡುತ್ತಾರೆ. ಮತ್ತೆ ನಮ್ಮ ಕೈಗೆ ಏನೂ ಸಿಗುವುದಿಲ್ಲ. ಗುಂಪಿನ ಹೆಸರು, ಕಳಿಸಿದವರ ನಂಬರ್, ದಿನ, ಹೊತ್ತು ಎಲ್ಲ ಕಾಣುವ ಹಾಗೆ ಸ್ಕ್ರೀನ್‌ಶಾಟ್ ಬೇಕು. ಮೂಲ ಫೋಟೊ ಕೂಡ ಇಟ್ಟುಕೊಳ್ಳಿ. ಯಾವುದನ್ನು ಹೇಗೆ ಕತ್ತರಿಸಿದ್ದಾರೆ ಅಂತ ಎರಡನ್ನೂ ಪಕ್ಕಪಕ್ಕ ಇಟ್ಟರೆ ಮಾತೇ ಬೇಡ.

ಹೆಣ್ಣಿನ ಮರ್ಯಾದೆಗೆ ಕುಂದು ತರುವ ಉದ್ದೇಶದ ಮಾತು, ಕೃತ್ಯಗಳಿಗೆ ಭಾರತೀಯ ನ್ಯಾಯ ಸಂಹಿತೆಯಲ್ಲಿ 79ನೇ ಸೆಕ್ಷನ್ ಉಂಟು. ಬೇಡ ಅಂದರೂ ಆನ್‌ಲೈನಿನಲ್ಲಿ ಬೆನ್ನು ಹತ್ತಿದರೆ 78. ಫೋಟೊ ಅಶ್ಲೀಲ ಅನ್ನುವ ಮಟ್ಟಕ್ಕೆ ಹೋದರೆ ಐಟಿ ಕಾಯ್ದೆಯ 67. ಹುಡುಗಿ 18ರ ಒಳಗಿನವಳಾದರೆ ಮಕ್ಕಳ ರಕ್ಷಣೆಯ ಪೋಕ್ಸೊ ಕಾಯ್ದೆ ಕೂಡ ಬರಬಹುದು. ಮಂಗಳೂರಿನಲ್ಲೂ ಉಡುಪಿಯಲ್ಲೂ ಸೆನ್ ಪೊಲೀಸ್ ಠಾಣೆ ಉಂಟು, ಸೈಬರ್ ವಿಷಯ ನೋಡುವುದು ಅವರೇ. ಠಾಣೆಗೆ ಹೋಗಲು ಮುಜುಗರ ಆದರೆ ಕೇಂದ್ರ ಸರಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಹೆಂಗಸರು, ಮಕ್ಕಳ ದೂರಿಗೆ ಬೇರೆಯೇ ಜಾಗ ಇದೆ.

ಇದು ಎಲ್ಲೋ ಒಬ್ಬಿಬ್ಬರಿಗೆ ಆಗುವುದು ಅಂತ ತಿಳಿಯಬೇಡಿ. ಟೋಕಿಯೊ ಒಲಿಂಪಿಕ್ಸ್ ಹೊತ್ತಿಗೆ ವರ್ಲ್ಡ್ ಅಥ್ಲೆಟಿಕ್ಸ್‌ನವರು 161 ಕ್ರೀಡಾಪಟುಗಳ ಟ್ವಿಟರ್ ಖಾತೆ ಗಮನಿಸಿದ್ದರು. ಅವರನ್ನು ಗುರಿ ಮಾಡಿದ 132 ಕೆಟ್ಟ ಪೋಸ್ಟ್ ಸಿಕ್ಕಿತು. ಅದರಲ್ಲಿ ನೂರಕ್ಕೆ 87 ಹೆಂಗಸರ ಮೇಲೆ.

ಮಾವನವರಿಗೆ ಒಂದು ಮಾತು ಹೇಳಿ ಟೀಚರ್. ಕದ್ದವನನ್ನು ಬಿಟ್ಟು ಕಳಕೊಂಡವಳಿಗೆ ಬೈದ ಹಾಗೆ ಆಯಿತು ಇದು.

ಬೋಳಾರದ ಅಪ್ಪ

ಎಲ್ಲ ಓದಿದೆ. ನನ್ನ ಮಗಳಿಗೆ 14. ಎಮ್ಮೆಕೆರೆ ಈಜುಕೊಳಕ್ಕೆ ಹೋಗುತ್ತಾಳೆ. ಬಟರ್‌ಫ್ಲೈ ಚೆನ್ನಾಗಿ ಮಾಡುತ್ತಾಳೆ. ಅವಳಿಗೆ ಇನ್‌ಸ್ಟಾಗ್ರಾಂ ಬೇಕು ಅಂತ ದಿನಾ ಜಗಳ. ಅವಳ ತಂಡದ ಎಲ್ಲರಿಗೂ ಉಂಟಂತೆ.

ನೀವೆಲ್ಲ ದೊಡ್ಡವರ ಮಾತು ಆಡುತ್ತಿದ್ದೀರಿ. ಅವಳು ಇನ್ನೂ ಸಣ್ಣವಳು. ಅವಳು ನೀರಿನಿಂದ ಎದ್ದು ಬರುವಾಗ ಗ್ಯಾಲರಿಯಲ್ಲಿ ಯಾರಾದರೂ ಫೋನ್ ಎತ್ತಿದರೆ ನನ್ನ ಎದೆ ಹಿಂಡಿದ ಹಾಗೆ ಆಗುತ್ತದೆ. ಅವರವರ ಮಕ್ಕಳ ಫೋಟೊ ತೆಗೆಯುತ್ತಿದ್ದಾರೆ ಅಂತ ಗೊತ್ತು. ಆದರೂ ಆಗುತ್ತದೆ. ನಾನು ತಪ್ಪಾ?

ಕಬಡ್ಡಿ ಅಕ್ಕ, ಕಾರ್ಕಳ

ತಪ್ಪಲ್ಲ ಅಣ್ಣ.

ಅಜ್ಜರಕಾಡು ಟೀಚರ್

ಬೋಳಾರದ ಅಣ್ಣ, ನೀವು ಹೆದರುವುದು ಸಹಜ. 14 ವರ್ಷದ ಮಗುವಿಗೂ 19ರವಳಿಗೂ ನಾನು ಒಂದೇ ಮಾತು ಹೇಳುವುದಿಲ್ಲ. ಇನ್‌ಸ್ಟಾಗ್ರಾಂನವರು 2024ರ ಸೆಪ್ಟೆಂಬರ್‌ನಲ್ಲಿ ಟೀನ್ ಅಕೌಂಟ್ ಅಂತ ಶುರು ಮಾಡಿದ್ದಾರೆ. ನಮ್ಮಲ್ಲಿಗೆ ಬಂದದ್ದು 2025ರಲ್ಲಿ. ಖಾತೆ ತಾನಾಗಿಯೇ ಪ್ರೈವೇಟ್ ಆಗಿರುತ್ತದೆ, ಪರಿಚಯ ಇಲ್ಲದವರು ಮೆಸೇಜ್ ಮಾಡಲು ಆಗುವುದಿಲ್ಲ, 16ರ ಒಳಗಿನವರು ಅದನ್ನು ಸಡಿಲ ಮಾಡಬೇಕಾದರೆ ಅಪ್ಪ ಅಮ್ಮ ಒಪ್ಪಬೇಕು. ಆದರೆ ಹುಟ್ಟಿದ ವರ್ಷ ಸುಳ್ಳು ಹಾಕಿದರೆ ಇದು ಯಾವುದೂ ಇಲ್ಲ. ಜಗಳ ಮಾಡಿದರೆ ಅವಳು ಅದನ್ನೇ ಮಾಡುತ್ತಾಳೆ. ಪಕ್ಕದಲ್ಲಿ ಕುಳಿತು ನೀವೇ ಖಾತೆ ತೆರೆದುಕೊಡಿ. ಸದ್ಯಕ್ಕೆ ಟೈಮಿಂಗ್ ಮಾತ್ರ ಹಾಕಲಿ, ಪದಕ ಹಿಡಿದದ್ದು ಹಾಕಲಿ. ದಿನಾ ಎಷ್ಟು ಹೊತ್ತಿಗೆ ಯಾವ ಕೊಳದಲ್ಲಿ ಇರುತ್ತಾಳೆ ಅಂತ ಮಾತ್ರ ಬೇಡ.

ಇನ್ನು ನಮ್ಮ ಹುಡುಗಿಯ ವಿಷಯ. ನಿಮ್ಮನ್ನೆಲ್ಲ ಓದಿ ನನಗೆ ಒಂದು ಸ್ಪಷ್ಟ ಆಯಿತು. ಹಾಕಬೇಕಾ ಬೇಡವಾ ಅಂತ ಕೇಳಿದ್ದೇ ನನ್ನ ತಪ್ಪು. ಅದು ಅವಳು ತೀರ್ಮಾನ ಮಾಡುವ ವಿಷಯ. ನನ್ನ ಕೆಲಸ ಬೇರೆ ಉಂಟು. ಟೇಕಾಫ್ ಕಾಲು, ಅಂದರೆ ನೆಲ ಒದ್ದು ಹಾರುವ ಕಾಲು, ಎಲ್ಲಿ ಇಡಬೇಕು ಅಂತ ಮಗುವಿಗೆ ತಾನಾಗಿಯೇ ಗೊತ್ತಾಗುವುದಿಲ್ಲ. ಮಾರ್ಕ್ ಹಾಕಿ ತೋರಿಸುತ್ತೇನೆ. ಫೋಟೊ ವಿಷಯದಲ್ಲಿ ನಾನು ಇವತ್ತಿನ ತನಕ ಒಂದು ಮಾರ್ಕ್ ಕೂಡ ಹಾಕಿಕೊಡಲಿಲ್ಲ. ಬಿದ್ದ ಮೇಲೆ ಅಯ್ಯೋ ಅಂದೆ, ಅಷ್ಟೇ.

ಯಾಕೆ ಇದನ್ನು ಹೇಳುತ್ತೇನೆ ಅಂದರೆ ಮೊನ್ನೆ ಅವಳ ಹತ್ತಿರ ಕುಳಿತು ಮಾತಾಡಿದಾಗ ಇನ್ನೆರಡು ವಿಷಯ ಹೊರಗೆ ಬಂತು. ಆ ಫೋಟೊ ಹಾಕಿದ ಎರಡು ದಿನದಲ್ಲಿ ಇಬ್ಬರು ಅವಳಿಗೆ ಮೆಸೇಜ್ ಮಾಡಿದ್ದರಂತೆ.

ಒಬ್ಬರು ಸ್ಪೋರ್ಟ್ಸ್ ಸಾಮಾನಿನ ಅಂಗಡಿಯವರು. ಹೈಜಂಪ್ ಸ್ಪೈಕ್ಸ್ ಕೊಡುತ್ತೇವೆ ಅಂದರು. ಹೈಜಂಪ್ ಸ್ಪೈಕ್ಸ್‌ಗೆ ಹಿಮ್ಮಡಿಯಲ್ಲೂ ಮೊಳೆ ಇರುತ್ತದೆ, ಓಟದ ಸ್ಪೈಕ್ಸ್ ಆಗುವುದಿಲ್ಲ. ಇವಳು ಸೀನಿಯರ್ ಒಬ್ಬಳ ಹಳೆಯದನ್ನು ಹಾಕುತ್ತಿದ್ದಾಳೆ, ಅರ್ಧ ಸೈಜು ದೊಡ್ಡದು, ಮುಂದೆ ಹತ್ತಿ ತುಂಬಿಕೊಳ್ಳುತ್ತಾಳೆ. ಆ ಅಂಗಡಿಯವರ ಷರತ್ತು ಏನು ಗೊತ್ತಾ? ಮೇಕಪ್ ಮಾಡಿಕೊಂಡು ಮೂರು ರೀಲ್. ಹಾರುವುದು ಬೇಡ, ಸ್ಪೈಕ್ಸ್ ಹಿಡಿದು ನಗಬೇಕು. ಅವಳು ಕೇಳಿದಳು, "ಟೀಚರ್, ನಾನು ಹಾರುವುದು ಅವರಿಗೆ ಬೇಡ್ವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನೊಬ್ಬರು ಯಾವುದೋ ಪೌಡರ್ ಮಾರುವವರು. ಒಂದು ಡಬ್ಬ ಫ್ರೀ, ಕುಡಿಯುವ ವಿಡಿಯೊ ಹಾಕಬೇಕು. ಇದನ್ನು ಕೇಳಿ ನನಗೆ ನಿಜವಾಗಿ ಕೈಕಾಲು ತಣ್ಣಗಾಯಿತು. ನಮ್ಮ ಜಿಲ್ಲೆಯ ಸಿದ್ದಾಪುರದ ಓಟಗಾರ್ತಿ ಅಶ್ವಿನಿ ಅಕ್ಕುಂಜಿ 2010ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ ತಂದವರು. ಮರುವರ್ಷ ರಿಲೇ ತಂಡದ ಹುಡುಗಿಯರು ಒಬ್ಬೊಬ್ಬರಾಗಿ ಡೋಪಿಂಗ್‌ನಲ್ಲಿ ಸಿಕ್ಕಿದಾಗ ಅವರೂ ಅದರಲ್ಲಿ ಇದ್ದರು. ಕೋಚ್ ಕೊಟ್ಟ ಜಿನ್ಸೆಂಗ್ ಅನ್ನುವ ಗಿಡಮೂಲಿಕೆಯಿಂದ ಆದದ್ದು ಅಂತ ಅವರು ಹೇಳಿದರು. ಗೊತ್ತಿಲ್ಲದೆ ತೆಗೆದುಕೊಂಡೆವು ಅಂದರೂ ನಿಷೇಧ ತಪ್ಪಲಿಲ್ಲ, ಎರಡು ವರ್ಷ ಹೋಯಿತು. ನಿಯಮ ಇರುವುದೇ ಹಾಗೆ. ಮೈಯೊಳಗೆ ಏನು ಸಿಕ್ಕಿದರೂ ಅದಕ್ಕೆ ಆಟಗಾರ್ತಿಯೇ ಹೊಣೆ. ಹೆಸರು ಗೊತ್ತಿಲ್ಲದ ಡಬ್ಬ ಹಿಡಿದು ವಿಡಿಯೊ ಮಾಡಿದರೆ ನಾಳೆ ಅದೇ ಸಾಕ್ಷಿ. ಬಟ್ಟೆಯ ಬಗ್ಗೆ ಊರೆಲ್ಲ ಮಾತಾಡಿತು. ಇದರ ಬಗ್ಗೆ ಒಬ್ಬರೂ ಅವಳಿಗೆ ಹೇಳಲಿಲ್ಲ. ನಾನೂ ಹೇಳಿರಲಿಲ್ಲ.

ನಾನೂರು ಮೀಟರ್

ಟೀಚರ್, ಪೌಡರ್‌ನವರ ಮೆಸೇಜ್ ನನಗೂ ಬರುತ್ತದೆ. ವಾರಕ್ಕೆ ಒಂದಾದರೂ ಉಂಟು. ಬ್ಲಾಕ್ ಮಾಡುವುದೇ.

ಅಂಗಡಿಯವರಿಗೆ ಅವಳು ಒಂದು ಮಾತು ತಿರುಗಿಸಿ ಕೇಳಬಹುದು. ನಗುವ ರೀಲ್ ಒಂದು, ಹಾರುವ ರೀಲ್ ಎರಡು, ಒಪ್ಪುತ್ತೀರಾ ಅಂತ. ನಾನು ಹಾಗೆ ಕೇಳಿದೆ ಒಮ್ಮೆ, ಬೇರೆಯವರ ಹತ್ತಿರ. ಒಪ್ಪಿದರು. ಕೇಳದಿದ್ದರೆ ಅವರಿಗೂ ಹೊಳೆಯುವುದಿಲ್ಲ. ಇನ್ನೊಂದು, ಸಾಮಾನು ತೆಗೆದುಕೊಂಡು ಹಾಕಿದರೆ ಅದು ಜಾಹೀರಾತು ಅಂತ ಪೋಸ್ಟ್ ಮೇಲೆಯೇ ಬರೆಯಬೇಕು. 2021ರಿಂದ ಜಾಹೀರಾತು ಮಂಡಳಿಯ ನಿಯಮ ಉಂಟು. ಫ್ರೀ ಕೊಟ್ಟರೂ ಅಷ್ಟೇ.

ಕಬಡ್ಡಿ ಅಕ್ಕ, ನಾಲ್ಕರಲ್ಲಿ ಮೂರು ಸಿಕ್ಕಿತು. ಹಾಕಿದ್ದೇನೆ.

ಮಲ್ಪೆ ವಾಲಿಬಾಲ್

ಎರಡು ದಿನ ಓದುತ್ತಾ ಇದ್ದೆ. ಹಾಕಬೇಕು ಅಂತ ನಾನು ಇನ್ನೂ ಒಪ್ಪಿದವನಲ್ಲ. ನನ್ನ ಮೊಮ್ಮಗಳಾದರೆ ಬೇಡ ಅಂತಲೇ ಹೇಳುತ್ತೇನೆ. ಆದರೆ ಆ ದೊಗಲೆ ಟೀ ಶರ್ಟಿನ ವಿಷಯ ಮನಸ್ಸಿನಿಂದ ಹೋಗುವುದಿಲ್ಲ. ಫೋಟೊ ಬೇಡ ಅಂದದ್ದು ಕೊನೆಗೆ ಹಾರುವುದೇ ಬೇಡ ಅಂದ ಹಾಗೆ ಆಯಿತಲ್ಲ. ಅದು ಹಾಗೆ ಆಗಬಾರದಿತ್ತು.

ಆ ಮಾವನವರು ಯಾವ ಕಡೆಯವರು? ಮಲ್ಪೆ ಕಡೆಯವರಾದರೆ ನಾನು ಹೋಗಿ ಮಾತಾಡುತ್ತೇನೆ. ಗಂಡಸರು ಹೇಳಿದರೆ ಕೇಳುವವರು ಇರುತ್ತಾರೆ. ಅದು ಸರಿಯೋ ತಪ್ಪೋ, ಸದ್ಯಕ್ಕೆ ಕೆಲಸ ಆಗಬೇಕು.

ಕದ್ರಿ ಕ್ಯಾಮೆರಾ

ಟೀಚರ್, ಸುಮ್ನೆ ಬರೆದು ಬಿಡುವುದು ಬೇಡ ಅನ್ನಿಸಿತು. ಯಾವುದಾದರೂ ಶನಿವಾರ ನಾನು ಉಡುಪಿಗೆ ಬರುತ್ತೇನೆ. ದುಡ್ಡು ಬೇಡ. ನಿಮ್ಮ ಮಕ್ಕಳ ಫೋಟೊ ತೆಗೆದುಕೊಡುತ್ತೇನೆ. ತೆಗೆದದ್ದೆಲ್ಲ ಮೊದಲು ಅವರ ಕೈಗೆ. ಯಾವುದು ಇಡಬೇಕು ಅಂತ ಅವರೇ ಹೇಳಲಿ, ಬೇಡ ಅಂದದ್ದನ್ನು ಅವರ ಎದುರಿಗೇ ಅಳಿಸುತ್ತೇನೆ.

ಅಜ್ಜರಕಾಡು ಟೀಚರ್

ಕದ್ರಿ ಸರ್, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ.

ಮಲ್ಪೆ ಅಣ್ಣ, ಮಾವನವರು ಬ್ರಹ್ಮಾವರದ ಕಡೆಯವರು. ನಿನ್ನೆ ನಾನೇ ಹೋಗಿದ್ದೆ. ಎರಡು ಫೋಟೊ ಪಕ್ಕಪಕ್ಕ ಇಟ್ಟು ತೋರಿಸಿದೆ, ವಕೀಲೆ ಮೇಡಂ ಹೇಳಿದ ಹಾಗೆ. ಪುಣ್ಯಕ್ಕೆ ಅವಳ ಗೆಳತಿ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದಳು. ಅವರು ಇಡೀ ಫೋಟೊವನ್ನು ಅಲ್ಲಿಯ ತನಕ ನೋಡಿಯೇ ಇರಲಿಲ್ಲ. ಕತ್ತರಿಸಿದ್ದನ್ನು ಮಾತ್ರ ನೋಡಿದ್ದು. ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಬಾರ್ ಮೇಲೆ ಬೆರಳಿಟ್ಟು, "ಇದು ನೆಲದಿಂದ ಎಷ್ಟು ಎತ್ತರ?" ಅಂತ ಕೇಳಿದರು. ಅವರ ಮನೆಯ ಬಾಗಿಲ ಚೌಕಟ್ಟಿನಲ್ಲಿ ಕೈ ಹಿಡಿದು ತೋರಿಸಿದೆ. ಅವರ ಗಲ್ಲದ ಹತ್ತಿರ ಬಂತು.

ದೂರು ಕೊಡುವ ವಿಷಯ ಮನೆಯವರು ಇನ್ನೂ ತೀರ್ಮಾನ ಮಾಡಿಲ್ಲ. ಅವಳಿಗೆ ಕೊಡಬೇಕು ಅಂತ ಉಂಟು. ನಾನು ಅವಳ ಜೊತೆ ಹೋಗುತ್ತೇನೆ.

ಅವಳಿಗೆ ಇನ್ನೊಂದು ಹೇಳಿದೆ. ದಕ್ಷಿಣ ಕನ್ನಡದ ಸಹನಾ ಕುಮಾರಿ 2012ರಲ್ಲಿ ಹೈದರಾಬಾದ್‌ನಲ್ಲಿ 1.92 ಹಾರಿ ರಾಷ್ಟ್ರೀಯ ದಾಖಲೆ ಮಾಡಿ ಲಂಡನ್ ಒಲಿಂಪಿಕ್ಸ್‌ಗೆ ಹೋದರು. ಇನ್‌ಸ್ಟಾಗ್ರಾಂ ಆಂಡ್ರಾಯ್ಡ್ ಫೋನಿಗೆ ಬಂದದ್ದೇ ಆ ವರ್ಷ. ಆಗ ಅವರ ಒಂದು ಒಳ್ಳೆಯ ಫೋಟೊ ಸಿಕ್ಕಿದರೆ ಪ್ರಿಂಟ್ ಹಾಕಿಸಿ ಶಾಲೆಯ ಗೋಡೆಗೆ ಅಂಟಿಸಬೇಕು ಅಂತ ನಾನು ತುಂಬಾ ಹುಡುಕಿದ್ದೆ. ಪೇಪರಿನ ಮಬ್ಬು ಫೋಟೊ ಒಂದೇ ಸಿಕ್ಕಿದ್ದು. ಅದನ್ನು ಕೇಳಿ ಅವಳು ಫೋನ್ ತೆಗೆದು ಅಲ್ಲೇ ಹುಡುಕಲು ಶುರು ಮಾಡಿದಳು.

ಇವತ್ತು ಬೆಳಿಗ್ಗೆ ಅವಳು ಶಾರ್ಟ್ಸ್ ಹಾಕಿಕೊಂಡು ಬಂದಳು. ಮೇಲೆ ಮಾತ್ರ ದೊಗಲೆ ಟೀ ಶರ್ಟು ಇತ್ತು, ಅದನ್ನು ಒಳಗೆ ಸಿಕ್ಕಿಸಿಕೊಂಡಿದ್ದಳು. ನಾನು ಏನೂ ಹೇಳಲಿಲ್ಲ. 1.45 ದಾಟಿದಳು.

ಸರ್, ಈ ಶನಿವಾರ ಆಗುತ್ತದಾ? ಬೆಳಿಗ್ಗೆ ಆರೂವರೆಗೆ ಬಂದರೆ ಬೆಳಕು ಚೆನ್ನಾಗಿರುತ್ತದೆ. ಬರುವುದು ಬಿಡುವುದು ಹುಡುಗಿಯರ ಇಷ್ಟ ಅಂತ ಹೇಳಿದ್ದೇನೆ. ಐದು ಜನ ಬರುತ್ತೇವೆ ಅಂದಿದ್ದಾರೆ. ಅವಳು ಶುಕ್ರವಾರ ಹೇಳುತ್ತೇನೆ ಅಂದಳು.

ಕದ್ರಿ ಕ್ಯಾಮೆರಾ

ಆಗುತ್ತದೆ ಟೀಚರ್. ಆರಕ್ಕೇ ಅಲ್ಲಿರುತ್ತೇನೆ. ಒಂದು ಗಟ್ಟಿ ಸ್ಟೂಲ್ ಬೇಕು, 1.50 ಎತ್ತರಕ್ಕೆ ಸರಿಯಾಗುವಂಥದ್ದು.

ಮಲ್ಪೆ ವಾಲಿಬಾಲ್

ಸ್ಟೂಲ್ ನಾನು ತರುತ್ತೇನೆ. ನಮ್ಮಲ್ಲಿ ನೆಟ್ ಕಟ್ಟುವುದಕ್ಕೆ ಇಟ್ಟದ್ದು ಉಂಟು.